ಕಂಪ್ಯೂಟರ್ ರೂಮಿಗೆ ಬೇರೆ ಲೈನ್ ಎಳೆಸಬೇಕಾ, ಇರೋದರಲ್ಲೇ ಸಾಕಾ? ದಾವಣಗೆರೆ, ಹಳೇ ಮನೆ

ಕೆಬಿ_ಮೇಲ್ಮಹಡಿ
ದಾವಣಗೆರೆ ಕೆ.ಬಿ. ಬಡಾವಣೆಯಲ್ಲಿ ನಮ್ಮದು ಹಳೇ ಮನೆ, ಅಪ್ಪ ಕಟ್ಟಿಸಿದ್ದು. ಮೇಲಿನ ರೂಮನ್ನು ಈಗ ಆಫೀಸ್ ಮಾಡಿಕೊಂಡಿದ್ದೇವೆ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ, ಹೆಂಡತಿ ನಾಲ್ಕಾರು ಅಂಗಡಿಗಳ ಜಿಎಸ್‌ಟಿ ಫೈಲಿಂಗ್ ನೋಡಿಕೊಳ್ಳುತ್ತಾಳೆ, ರಾತ್ರಿ ಆದರೆ ಮಗ ಬಂದು ಗೇಮ್ ಆಡಲು ಕೂರುತ್ತಾನೆ. ಸಾಮಾನು ಇಷ್ಟು: ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್, ಅದರ ಪವರ್ ಸಪ್ಲೈ 650 ವ್ಯಾಟ್, ಎರಡು ಮಾನಿಟರ್, ಒಂದು ಲ್ಯಾಪ್‌ಟಾಪ್, ಫೈಲ್ ಇಡಲು ಎರಡು ಡಿಸ್ಕಿನ ಚಿಕ್ಕ ನ್ಯಾಸ್, ರೌಟರ್, ಒಂದು ಲೇಸರ್ ಪ್ರಿಂಟರ್, 1 ಕೆವಿಎ ಯುಪಿಎಸ್.

ತೊಂದರೆ ಏನಂದ್ರೆ, ಸಂಪಿನ ಮೋಟರ್ ಹಾಕಿದಾಗೆಲ್ಲ ಯುಪಿಎಸ್ ಟಕ್ ಅಂತ ಬ್ಯಾಟರಿಗೆ ಹೋಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ, ಬರಿಗಾಲಿನಲ್ಲಿ ಇದ್ದರೆ ಇನ್ನೂ ಜಾಸ್ತಿ. ವೈರಿಂಗ್ ಮಾಡುವವರು ಬಂದು ನೋಡಿ "ಇದೇ ಬೋರ್ಡಿನಿಂದ ಇನ್ನೊಂದು ಬಾಕ್ಸ್ ಕೊಡುತ್ತೇನೆ, ಸಾಕು" ಎಂದರು. ನಮ್ಮ ಭಾವ "4 ಸ್ಕ್ವೇರ್ ಎಂಎಂ ವೈರು ಎಳೆಸಿ 32 ಆಂಪ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿಸು, ಕಂಪ್ಯೂಟರಿಗೇ ಅಂತ ಬೇರೆ ಅರ್ಥ್ ಗುಂಡಿ ತೋಡಿಸು" ಅನ್ನುತ್ತಾರೆ. ಕೆಳಗಿನ ಡಿಬಿಯಿಂದ (ಎಲ್ಲ ಲೈನ್ ಹೊರಡುವ ಮೇನ್ ಬಾಕ್ಸ್) ರೂಮಿಗೆ ಸುಮಾರು 18 ಮೀಟರ್ ಆಗುತ್ತದೆ. ಸಿಂಗಲ್ ಫೇಸ್, 3 ಕಿಲೋವ್ಯಾಟ್ ಮಂಜೂರಾತಿ. ಡಿಬಿಯಲ್ಲಿ ಎಂಸಿಬಿಗಳಿವೆ, ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಇಲ್ಲ. ಯಾರ ಮಾತು ಕೇಳೋದು?

ಜೋಗಿಮಟ್ಟಿ_ಗಾಳಿ
ಇಬ್ಬರ ಮಾತೂ ಬೇಡ. ಕಂಪ್ಯೂಟರ್ ಏನು ವೆಲ್ಡಿಂಗ್ ಮೆಷಿನ್ನಾ ಸ್ವಾಮಿ, ಬೇರೆ ಲೈನ್ ಎಳೆಯಲು? ಚಿತ್ರದುರ್ಗದಲ್ಲಿ ನಾನು ಒಂದು 6 ಆಂಪ್ ಪಾಯಿಂಟಿಗೆ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ ಎಲ್ಲ ಓಡಿಸುತ್ತಿದ್ದೇನೆ. ಗೋಡೆ ಒಡೆಸುವ ದುಡ್ಡಿನಲ್ಲಿ ಒಳ್ಳೇ ಯುಪಿಎಸ್ ಬರುತ್ತದೆ.

ತಂತಿ_ಮೇಷ್ಟ್ರು
ಲೋಡಿನ ವಿಷಯದಲ್ಲಿ ಜೋಗಿಮಟ್ಟಿಯವರು ಹೇಳಿದ್ದು ಸರಿ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಪವರ್ ಸಪ್ಲೈ ಮೇಲೆ 650 ಅಂತ ಇದ್ದರೆ ಅದು ಕೊಡಬಲ್ಲ ಗರಿಷ್ಠ. ಗೇಮ್ ಆಡುವಾಗ ಎಳೆಯುವುದು 400ರ ಆಸುಪಾಸು, ಎಕ್ಸೆಲ್ ತೆರೆದು ಕೂತಾಗ 100ಕ್ಕೂ ಕಡಿಮೆ ಇರಬಹುದು. ಮಾನಿಟರ್ ಎರಡೂ ಸೇರಿ 60, ಲ್ಯಾಪ್‌ಟಾಪ್ 65, ನ್ಯಾಸ್ 30, ರೌಟರ್ 10-12. ಎಲ್ಲ ಕೂಡಿಸಿದರೂ 600 ವ್ಯಾಟ್ ಒಳಗೆ, ಅಂದರೆ 230 ವೋಲ್ಟಿನಲ್ಲಿ ಎರಡೂವರೆ ಆಂಪ್. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ಇನ್ನೊಂದು 4 ಆಂಪ್ ಕ್ಷಣಮಾತ್ರ ಎಳೆಯುತ್ತದೆ. ಗೀಸರ್ ಒಂದೇ ಇದಕ್ಕಿಂತ ಜಾಸ್ತಿ ತಿನ್ನುತ್ತದೆ.

ಹಾಗಾದರೆ ಬೇರೆ ಲೈನ್ ಯಾಕೆ? ಪಕ್ಕದವರ ಕಾಟ ತಪ್ಪಿಸಲು. ಕೆಳಗೆ ಯಾರಾದರೂ ನಲ್ಲಿ ಬಿಟ್ಟರೆ ಮೇಲೆ ಸ್ನಾನ ಮಾಡುವವರಿಗೆ ನೀರು ಸಣ್ಣಗಾಗುತ್ತದಲ್ಲ, ಒಂದೇ ಪೈಪಿನಲ್ಲಿದ್ದರೆ ಹಾಗೇ. ನಿಮ್ಮ ಮೋಟರ್ ಮತ್ತು ಕಂಪ್ಯೂಟರ್ ಒಂದೇ ವೈರಿನಲ್ಲಿ ಇದ್ದರೆ ಮೋಟರ್ ಶುರುವಾಗುವಾಗ ಎಳೆಯುವ ಐದಾರು ಪಟ್ಟು ಕರೆಂಟಿಗೆ ಆ ವೈರಿನಲ್ಲೇ ವೋಲ್ಟೇಜ್ ಬೀಳುತ್ತದೆ. ಬೇರೆ ಲೈನ್ ಆದರೆ ಬೀಳುವುದಿಲ್ಲ. ಆದರೆ ಕಂಬದಿಂದಲೇ ಲೋ ವೋಲ್ಟೇಜ್ ಬರುತ್ತಿದ್ದರೆ ನೀವು ಬಂಗಾರದ ತಂತಿ ಎಳೆಸಿದರೂ ಅಷ್ಟೇ.

ಇದು ಯಾವುದು ಅಂತ ಊಹಿಸಬೇಕಾಗಿಲ್ಲ, ಅಳೆಯಬಹುದು. ಮಿನ್-ಮ್ಯಾಕ್ಸ್ ಬಟನ್ ಇರುವ ಮಲ್ಟಿಮೀಟರ್ ತಂದು ವೈರ್‌ಮನ್ ಕೈಯಲ್ಲಿ ಕೊಡಿ. ಮೊದಲು ಡಿಬಿಯಲ್ಲಿ ಇಟ್ಟು ಮೋಟರ್ ಹಾಕಿ, ಎಷ್ಟಕ್ಕೆ ಇಳಿಯಿತು ಬರೆದುಕೊಳ್ಳಿ. ಆಮೇಲೆ ಮೇಲಿನ ರೂಮಿನ ಸಾಕೆಟ್‌ನಲ್ಲಿ ಇಟ್ಟು ಅದನ್ನೇ ಮಾಡಿ. ಎರಡೂ ಕಡೆ ಒಂದೇ ಥರ ಬಿದ್ದರೆ ತೊಂದರೆ ಹೊರಗಿಂದ ಬರುತ್ತಿದೆ, ಬೆಸ್ಕಾಂ 1912ಕ್ಕೆ ದೂರು ಕೊಡಿ. ಮೇಲೆ ಮಾತ್ರ ಜಾಸ್ತಿ ಬಿದ್ದರೆ ತೊಂದರೆ ನಿಮ್ಮ ಗೋಡೆಯೊಳಗಿದೆ.

ಏಳುಸುತ್ತು
ಎಲ್ಲರೂ ಮೋಟರ್ ಹಿಂದೆ ಬಿದ್ದಿದ್ದೀರಿ. ಕ್ಯಾಬಿನೆಟ್ ಜುಮ್ ಅನ್ನುವುದೇ ಇಲ್ಲಿ ದೊಡ್ಡ ವಿಷಯ ಅಲ್ವಾ?

ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಗದ್ದಲ ಸೋಸಲು ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಬಾಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಬಾಡಿಗೆ. ಅರ್ಥ್ ಸರಿ ಇದ್ದರೆ ಆ ಚೂರು ಕರೆಂಟು ಮಣ್ಣಿಗೆ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅರ್ಥ್ ಇಲ್ಲದಿದ್ದರೆ ಬಾಡಿ ಎರಡರ ನಡುವೆ ನಿಂತು ಸುಮಾರು 115 ವೋಲ್ಟ್ ಹಿಡಿದುಕೊಂಡಿರುತ್ತದೆ. ಕರೆಂಟು ತೀರಾ ಕಮ್ಮಿ ಆಗಿರುವುದರಿಂದ ಜುಮ್ ಅಂತ ಮಾತ್ರ ಅನ್ನುತ್ತದೆ. ಕಂಪ್ಯೂಟರ್ ಕೆಟ್ಟಿಲ್ಲ. ನಿಮ್ಮ ಸಾಕೆಟ್ಟಿನ ದಪ್ಪ ತೂತಿನ ಹಿಂದೆ ಹಸಿರು ವೈರು ಇದೆಯಾ ಮೊದಲು ನೋಡಿಸಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಹಾಕಿರುತ್ತಾರೆ, ಹಿಂದೆ ಎರಡೇ ವೈರು ಬಂದಿರುತ್ತದೆ.

ಇನ್ನೊಂದು ಮಾತು. ಅರ್ಥ್ ಇಲ್ಲ ಅಂದ ಕೂಡಲೇ ಕೆಲವರು ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಸಿಕ್ಕಿಸಿ "ಆಯ್ತು ಸಾರ್" ಅಂದುಬಿಡುತ್ತಾರೆ. ಜುಮ್ ಅನ್ನುವುದು ನಿಂತೂ ಹೋಗುತ್ತದೆ, ಅದಕ್ಕೇ ಎಲ್ಲರಿಗೂ ಖುಷಿ. ಆದರೆ ಎಲ್ಲಾದರೂ ಹಿಂದೆ ನ್ಯೂಟ್ರಲ್ ಕಿತ್ತು ಹೋದ ದಿನ ಕ್ಯಾಬಿನೆಟ್ ಮೇಲೆ ಪೂರ್ತಿ 230 ಬಂದು ಕೂರುತ್ತದೆ. ಹೀಗೆ ಮಾಡುತ್ತೇನೆ ಅಂದವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.

ಕೆಬಿ_ಮೇಲ್ಮಹಡಿ
ಪರ್ಮಿಟ್ ಇರುವ ಬೇರೊಬ್ಬ ವೈರ್‌ಮನ್ ಕರೆಸಿ ನೋಡಿಸಿದೆ. ಡಿಬಿಯಲ್ಲಿ 224 ಇತ್ತು, ಮೋಟರ್ ಹಾಕಿದಾಗ 217ಕ್ಕೆ ಇಳಿಯಿತು. ಮೇಲಿನ ಸಾಕೆಟ್‌ನಲ್ಲಿ 222 ಇತ್ತು, ಮೋಟರ್ ಹಾಕಿದಾಗ 196! ಕಾರಣವೂ ಸಿಕ್ಕಿತು. ಓವರ್‌ಹೆಡ್ ಟ್ಯಾಂಕ್ ತುಂಬಿದ್ದು ನೋಡಿ ಆಫ್ ಮಾಡಲು ಸುಲಭ ಆಗಲಿ ಅಂತ ಯಾವಾಗಲೋ ಮೋಟರ್ ಸ್ವಿಚ್ಚನ್ನು ಮೇಲಿನ ರೂಮಿನ ಬೋರ್ಡಿಗೆ ತಂದಿದ್ದಾರೆ. ಕರೆಂಟು ಕೆಳಗಿನಿಂದ ಮೇಲೆ ಬಂದು ಮತ್ತೆ ಕೆಳಗೆ ಮೋಟರಿಗೆ ಹೋಗುತ್ತಿದೆ, ಅದೂ 1 ಸ್ಕ್ವೇರ್ ಎಂಎಂ ವೈರಿನಲ್ಲಿ. ಬೋರ್ಡ್ ಬಿಚ್ಚಿದರೆ ಏಳುಸುತ್ತು ಹೇಳಿದ ಹಾಗೇ, ಕೆಂಪು ಒಂದು, ಕಪ್ಪು ಒಂದು, ಹಸಿರು ಇಲ್ಲವೇ ಇಲ್ಲ. ಅರ್ಥ್ ಪಿನ್ನಿನ ಸ್ಕ್ರೂಗೆ ಬಣ್ಣದ ಚೂರು ಅಂಟಿಕೊಂಡಿದೆ, ಅದನ್ನು ಯಾರೂ ಒಮ್ಮೆಯೂ ತಿರುಗಿಸಿಲ್ಲ.

ತಂತಿ_ಮೇಷ್ಟ್ರು
ಲೆಕ್ಕ ಕೂಡಿ ಬರುತ್ತದೆ ನೋಡಿ. 1 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರಿಗೆ ಸುಮಾರು 18 ಮಿಲಿಓಮ್. 18 ಮೀಟರ್ ಹೋಗಿ 18 ಮೀಟರ್ ಬಂದರೆ 36 ಮೀಟರ್, ಒಟ್ಟು 0.65 ಓಮ್. ಮೋಟರ್ ಶುರುವಾಗುವಾಗ 25-30 ಆಂಪ್ ಎಳೆದರೆ ಆ ವೈರಿನಲ್ಲೇ 16ರಿಂದ 20 ವೋಲ್ಟ್ ಉದುರುತ್ತದೆ. ಹೊರಗಿನಿಂದ ಬಿದ್ದಿದ್ದು 7 ಮಾತ್ರ. ಅಂದರೆ ನಿಮಗೆ ಬೇರೆ ಲೈನ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಏನು ಎಳೆಸಬೇಕು ಅಂದ್ರೆ, 2.5 ಸ್ಕ್ವೇರ್ ಎಂಎಂ ತಾಮ್ರದ ಎಫ್‌ಆರ್ (ಬೇಗ ಬೆಂಕಿ ಹಿಡಿಯದ) ವೈರು, ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಡಿಬಿಯಿಂದಲೇ ಹೊಸದಾಗಿ. ನ್ಯೂಟ್ರಲ್ ಬಗ್ಗೆ ಒತ್ತಿ ಹೇಳುತ್ತೇನೆ, ಯಾಕೆಂದರೆ ಫೇಸ್ ಮಾತ್ರ ಹೊಸದು ಎಳೆದು ನ್ಯೂಟ್ರಲನ್ನು ಹತ್ತಿರದ ಬೋರ್ಡಿನಿಂದ ಸಾಲ ತೆಗೆದುಕೊಳ್ಳುವ ಚಾಳಿ ಬಹಳ ಜನಕ್ಕಿದೆ. ಆಗ ಅದು ಹೆಸರಿಗೆ ಮಾತ್ರ ಬೇರೆ ಲೈನ್. ಮೋಟರಿನ ಕಾಟ ಅರ್ಧ ಹಾಗೇ ಉಳಿಯುತ್ತದೆ, ನಾಳೆ ಆರ್‌ಸಿಸಿಬಿ ಹಾಕಿಸಿದರೆ ಅದು ಪದೇ ಪದೇ ಬೀಳುತ್ತಲೇ ಇರುತ್ತದೆ.

ಎಂಸಿಬಿ 16 ಆಂಪ್, ಸಿ ಕರ್ವ್, ಆಗುವುದಾದರೆ ಡಬಲ್ ಪೋಲ್, ಅಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವುದು. ಸಿ ಯಾಕೆ ಅಂದರೆ ಕಂಪ್ಯೂಟರ್ ಪವರ್ ಸಪ್ಲೈ ಆನ್ ಆದ ಕ್ಷಣಕ್ಕೆ ಅದರ ಕೆಪಾಸಿಟರ್ ತುಂಬಲು ಒಂದು ಏಟು ಕರೆಂಟು ಎಳೆಯುತ್ತದೆ. ಬಿ ಕರ್ವ್ ಮೂರರಿಂದ ಐದು ಪಟ್ಟಿಗೇ ತಕ್ಷಣ ಬೀಳುತ್ತದೆ, ಸಿ ಐದರಿಂದ ಹತ್ತು ಪಟ್ಟಿಗೆ. ಚಿಕ್ಕ ಬಿ ಎಂಸಿಬಿ ಹಾಕಿಸಿದರೆ ಕರೆಂಟು ಹೋಗಿ ಬಂದಾಗ ಎಲ್ಲ ಒಟ್ಟಿಗೆ ಆನ್ ಆಗಿ ಸುಮ್ಸುಮ್ನೆ ಟ್ರಿಪ್ ಆಗಬಹುದು.

ಭಾವ ಹೇಳಿದ 4 ಸ್ಕ್ವೇರ್ ಎಂಎಂ ವೈರಿನಿಂದ ಹಾನಿ ಏನಿಲ್ಲ, ದುಡ್ಡು ಜಾಸ್ತಿ ಅಷ್ಟೇ. ಆದರೆ 32 ಆಂಪ್ ಎಂಸಿಬಿ ಬೇಡವೇ ಬೇಡ. ಎಂಸಿಬಿ ಇರುವುದು ಕಂಪ್ಯೂಟರ್ ಕಾಯಲು ಅಲ್ಲ, ಗೋಡೆಯೊಳಗಿನ ವೈರು, ಸಾಕೆಟ್ ಕಾಯಲು. ಸಾಕೆಟ್ 16 ಆಂಪಿನದು, ಅದಕ್ಕೆ 25 ಆಂಪ್ ಹರಿದು ಪ್ಲಾಸ್ಟಿಕ್ ಕರಗುತ್ತಿದ್ದರೂ 32ರ ಎಂಸಿಬಿ ಆರಾಮಾಗಿ ನಿಂತಿರುತ್ತದೆ. ದೊಡ್ಡ ನಂಬರ್ ಹಾಕಿಸಿದರೆ ಭದ್ರ ಅಂತ ನಮ್ಮ ಜನಕ್ಕೆ ಯಾರು ಹೇಳಿಕೊಟ್ಟರೋ.

ಮೋಟರ್ ಸ್ವಿಚ್ ಮೇಲೆಯೇ ಬೇಕು ಅಂದರೆ ಇರಲಿ. ಅದಕ್ಕೂ ಅದರದೇ ವೈರು, ಅದರದೇ ಎಂಸಿಬಿ ಕೊಡಿಸಿ. 1 ಸ್ಕ್ವೇರ್ ಎಂಎಂ ವೈರು ಲೈಟು, ಫ್ಯಾನಿಗೆ ಉಳಿಯಲಿ.

ಜೋಗಿಮಟ್ಟಿ_ಗಾಳಿ
ಸರಿ, ಇವರ ಕೇಸಿನಲ್ಲಿ ಬೇಕು ಒಪ್ಪಿದೆ. ಆದರೆ ಇದನ್ನು ಓದಿ ಎಲ್ಲರೂ ಮನೆ ಒಡೆಸಬೇಡಿ. ಅರ್ಥ್ ಇದ್ದು, ಆ ಬೋರ್ಡಿನಲ್ಲಿ ಮೋಟರ್, ಇಸ್ತ್ರಿ ಪೆಟ್ಟಿಗೆ, ಗೀಸರ್ ಇಲ್ಲದಿದ್ದರೆ ಒಂದು ಡೆಸ್ಕ್‌ಟಾಪಿಗೆ ಇರುವ ಲೈನೇ ಧಾರಾಳ.

ತಂತಿ_ಮೇಷ್ಟ್ರು
ನಾನೂ ಅದನ್ನೇ ಹೇಳುತ್ತೇನೆ.

ನಿಟುವಳ್ಳಿ_ಕೋಡರ್
ಆರ್‌ಸಿಸಿಬಿ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಮನೆಗೆಲ್ಲ ಸೇರಿ ಒಂದೇ 30 ಮಿಲಿಆಂಪ್ ಆರ್‌ಸಿಸಿಬಿ ಇತ್ತು. ಬಚ್ಚಲಿನ ಗೀಸರ್ ಕಾಯಿಲ್ ಸೋರಿದರೆ ನನ್ನ ಮೀಟಿಂಗ್ ಕಟ್. ಮಳೆಗಾಲದಲ್ಲಿ ಗೇಟಿನ ಲೈಟಿಗೆ ನೀರು ಹೋದರೂ ನನ್ನ ಮೀಟಿಂಗ್ ಕಟ್. ಆಮೇಲೆ ಆಫೀಸ್ ರೂಮಿನ ಲೈನಿಗೆ ಮಾತ್ರ ಆರ್‌ಸಿಬಿಒ ಹಾಕಿಸಿದೆವು. ಎಂಸಿಬಿ, ಆರ್‌ಸಿಸಿಬಿ ಎರಡೂ ಅದರಲ್ಲೇ ಇರುತ್ತವೆ. ಆ ರೂಮಿನಲ್ಲಿ ಸೋರಿಕೆಯಾದರೆ ಆ ಲೈನ್ ಮಾತ್ರ ಬೀಳುತ್ತದೆ. ಆದರೆ ಅದನ್ನು ದೊಡ್ಡ ಆರ್‌ಸಿಸಿಬಿಯ ಹಿಂದೆ ಹಾಕಿಸಬೇಡಿ, ಮೇನ್ ಸ್ವಿಚ್‌ನಿಂದ ನೇರ ಕೊಡಿಸಿ. ಇಲ್ಲಾಂದ್ರೆ ಗೀಸರ್ ಸೋರಿದಾಗ ಮತ್ತೆ ಎಲ್ಲ ಹೋಗುತ್ತದೆ.

ಟೈಪ್ ಎಸಿ, ಟೈಪ್ ಎ ಅಂತ ಎರಡು ಥರ ಸಿಗುತ್ತವೆ. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಟೈಪ್ ಎ ಕೇಳಿ ತನ್ನಿ. ಇಂಥ ಸಾಮಾನಿನಿಂದ ಬರುವ ಏರಿಳಿತದ ಡಿಸಿ ಸೋರಿಕೆಯನ್ನೂ ಅದು ಹಿಡಿಯುತ್ತದೆ. ಅಂಗಡಿಯವರು "ಎಲ್ಲ ಒಂದೇ ಮೇಡಂ" ಅಂತಾರೆ, ಒಂದೇ ಅಲ್ಲ. ಮೇಲೆ ಏಳುಸುತ್ತು ಹೇಳಿದ ಆ ಕೆಪಾಸಿಟರ್ ಸೋರಿಕೆ ಪ್ರತಿ ಕಂಪ್ಯೂಟರಿನಿಂದಲೂ ಮಿಲಿಆಂಪ್ ಲೆಕ್ಕದಲ್ಲಿ ಬರುತ್ತದೆ. ಎರಡು ಮೂರು ಮೆಷಿನ್ ಆದರೆ ಏನೂ ಆಗಲ್ಲ. ಟ್ಯೂಶನ್ ಸೆಂಟರ್ ಥರ ಹತ್ತು ಹನ್ನೆರಡು ಮೆಷಿನ್ ಒಂದೇ ಆರ್‌ಸಿಸಿಬಿ ಕೆಳಗೆ ಹಾಕಿದರೆ ದೋಷ ಇಲ್ಲದೆಯೂ ಬೀಳಬಹುದು.

ಏಳುಸುತ್ತು
ಆರ್‌ಸಿಸಿಬಿ ಅಥವಾ ಆರ್‌ಸಿಬಿಒ ಬೇಕೇ ಬೇಕು ಅನ್ನಲು ಇನ್ನೊಂದು ಕಾರಣ. ಅರ್ಥಿಂಗ್ 5 ಓಮ್ ಬಂದರೆ ಮನೆಗೆ ಒಳ್ಳೆಯದೇ ಅನ್ನುತ್ತೇವೆ. ಫೇಸ್ ಬಾಡಿಗೆ ತಗುಲಿದರೆ ಆ ಗುಂಡಿಯ ಮೂಲಕ ಹರಿಯುವುದು 230 ಭಾಗಿಸು 5, ಅಂದರೆ 46 ಆಂಪ್. ಸಿ ಕರ್ವ್ 16ರ ಎಂಸಿಬಿ ತಕ್ಷಣ ಬೀಳಲು 80ರಿಂದ 160 ಆಂಪ್ ಬೇಕು. 46ಕ್ಕೆ ಅದು ಬಿಸಿಯಾಗಿ ನಿಧಾನಕ್ಕೆ ಬೀಳುತ್ತದೆ, ಅಷ್ಟು ಹೊತ್ತು ಕ್ಯಾಬಿನೆಟ್ ಮೇಲೆ ಕರೆಂಟು ಇರುತ್ತದೆ. ನಮ್ಮ ದುರ್ಗದ ಬಂಡೆ ನೆಲದಲ್ಲಂತೂ 5 ಓಮ್ ಬರುವುದೇ ಕಷ್ಟ. ಗುಂಡಿ ತೋಡಲು ಹೋದರೆ ಮೊಣಕಾಲುದ್ದಕ್ಕೆ ಕಲ್ಲು. ನಿಮ್ಮ ದಾವಣಗೆರೆ ಕಪ್ಪು ಮಣ್ಣು ಈ ವಿಷಯಕ್ಕೆ ಪುಣ್ಯ ಮಾಡಿದೆ, ತೇವ ಹಿಡಿದುಕೊಳ್ಳುತ್ತದೆ.

ಕೆಬಿ_ಮೇಲ್ಮಹಡಿ
ಹಾಗಾದರೆ ಕಂಪ್ಯೂಟರಿಗೆ ಬೇರೆ ಅರ್ಥ್ ಗುಂಡಿ? ಹಿತ್ತಲಿನಲ್ಲಿ ಹಳೇ ಗುಂಡಿ ಒಂದಿದೆ, ಮೇಲೆ ಅಮ್ಮ ತುಳಸಿಕಟ್ಟೆ ಕಟ್ಟಿಸಿದ್ದಾರೆ.

ತಂತಿ_ಮೇಷ್ಟ್ರು
ಬೇರೆ ಗುಂಡಿ ತೋಡಿ ಕಂಪ್ಯೂಟರಿಗೆ ಮಾತ್ರ ಕೊಡುವುದು ತಪ್ಪು. ಮನೆಯ ಎಲ್ಲ ಅರ್ಥ್ ಒಂದಕ್ಕೊಂದು ಸೇರಿರಬೇಕು. ಇಲ್ಲದಿದ್ದರೆ ಸಿಡಿಲು ಹತ್ತಿರ ಬಿದ್ದಾಗ, ಅಥವಾ ಒಂದು ಕಡೆ ದೋಷ ಬಂದಾಗ, ಎರಡು ಅರ್ಥ್ ನಡುವೆ ವೋಲ್ಟೇಜ್ ಬಂದು ಅದು ನಿಮ್ಮ ಎಚ್‌ಡಿಎಂಐ, ನೆಟ್‌ವರ್ಕ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಹಳೇ ಗುಂಡಿಯನ್ನು ಅರ್ಥ್ ಟೆಸ್ಟರ್ ಇಟ್ಟು ಅಳೆಸಿ. ಚೆನ್ನಾಗಿ ಬಂದರೆ ತುಳಸಿ ತಾಯಿಗೆ ಅಮ್ಮ ದಿನಾ ನೀರು ಹಾಕುವುದರಿಂದಲೇ ಗುಂಡಿಗೂ ತೇವ ಸಿಗುತ್ತಿದೆ ಅಂದುಕೊಳ್ಳಿ. ಚೆನ್ನಾಗಿ ಬರದಿದ್ದರೆ ಎರಡೂವರೆ ಮೀಟರ್ ಪೈಪಿನ ಹೊಸ ಗುಂಡಿ ಮಾಡಿಸಿ ಎರಡನ್ನೂ ಡಿಬಿಯ ಅರ್ಥ್ ಪಟ್ಟಿಗೆ ಸೇರಿಸಿ.

ಬೆಣ್ಣೆ_ಖಾಲಿ
ಲೇಸರ್ ಪ್ರಿಂಟರ್ ಯುಪಿಎಸ್ ಮೇಲೆ ಹಾಕಿದ್ದೀರಾ? ಹಾಕಿದ್ದರೆ ತೆಗೆಯಿರಿ. ನಿಮ್ಮ 1 ಕೆವಿಎ ಯುಪಿಎಸ್ ಬಹುಶಃ 600 ವ್ಯಾಟಿಂದು, ಪ್ರಿಂಟರ್ ಬಿಸಿಯಾಗುವಾಗ ಒಂದೇ 900 ಎಳೆಯುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಇದ್ದವನು ನಾನು, ಪ್ರಿಂಟ್ ಕೊಟ್ಟ ಕೂಡಲೇ ಯುಪಿಎಸ್ ಕೂಗಿಕೊಳ್ಳುವುದು ಕೇಳಿ ಕೇಳಿ ಸಾಕಾಗಿತ್ತು. ಹೊಸ ಲೈನಿನಲ್ಲೇ ಯುಪಿಎಸ್ ಇಲ್ಲದ ಒಂದು 16 ಆಂಪ್ ಸಾಕೆಟ್ ಪ್ರಿಂಟರಿಗೆ ಕೊಡಿ.

ಕೆಬಿ_ಮೇಲ್ಮಹಡಿ
ಪ್ರಿಂಟರ್ ನೇರ ಸಾಕೆಟ್ಟಿನಲ್ಲೇ ಇದೆ. ಕೆಳಗೆ ಮನೆಗೆ ಇನ್ವರ್ಟರ್ ಇದೆ, ಯುಪಿಎಸ್ ತೆಗೆದು ಈ ಲೈನನ್ನು ಅದಕ್ಕೇ ಕೊಡಬಹುದಾ?

ನಿಟುವಳ್ಳಿ_ಕೋಡರ್
ಮೂರು ವಿಷಯ ನೋಡಬೇಕು. ಇನ್ವರ್ಟರ್ ಪ್ಯೂರ್ ಸೈನ್ ವೇವಾ, ಅಂದರೆ ಲೈನ್ ಕರೆಂಟಿನ ಥರವೇ ನಯವಾದ ಅಲೆ ಕೊಡುತ್ತದಾ? ಸ್ಕ್ವೇರ್ ವೇವ್ ಆದರೆ ಈಗಿನ ಆಕ್ಟಿವ್ ಪಿಎಫ್‌ಸಿ (ಎಳೆಯುವ ಕರೆಂಟನ್ನು ವೋಲ್ಟೇಜ್ ಅಲೆಗೆ ಹೊಂದಿಸುವ ಸರ್ಕಿಟ್) ಇರುವ ಪವರ್ ಸಪ್ಲೈಗಳು ಕೆಲವು ಸಲ ಒದ್ದಾಡುತ್ತವೆ, ಗುಂಯ್ ಅನ್ನುತ್ತವೆ, ಆಫ್ ಆಗುತ್ತವೆ. ಎರಡನೇದು, ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಪವರ್ ಸಪ್ಲೈ ಕರೆಂಟಿಲ್ಲದೆ 16-17 ಮಿಲಿಸೆಕೆಂಡ್ ತಡೆಯುತ್ತದೆ ಅಷ್ಟೇ, ಸಾಮಾನ್ಯ ಮೋಡಿನಲ್ಲಿ ಇನ್ವರ್ಟರ್ ಬದಲಾಗಲು ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳಬಹುದು, ಆಗ ಕಂಪ್ಯೂಟರ್ ರೀಸ್ಟಾರ್ಟ್. ಮೂರನೇದು ನ್ಯೂಟ್ರಲ್. ಇನ್ವರ್ಟರಿಗೆ ಹೋಗುವ ಫೇಸ್ ಒಂದು ಆರ್‌ಸಿಸಿಬಿಯಿಂದ, ವಾಪಸ್ ನ್ಯೂಟ್ರಲ್ ಇನ್ನೊಂದು ಕಡೆಯಿಂದ ಆದರೆ ದಿನಾ ಟ್ರಿಪ್. ನನ್ನ ಕೇಳಿದರೆ ಯುಪಿಎಸ್ ಇರಲಿ. ರೌಟರ್ ಮತ್ತು ಫೈಬರಿನ ಡಬ್ಬಿ ಮಾತ್ರ ಇನ್ವರ್ಟರಿಗೆ ಕೊಡಿ, ಎಷ್ಟೇ ಹೊತ್ತು ಕರೆಂಟು ಹೋದರೂ ಇಂಟರ್ನೆಟ್ ಇರುತ್ತದೆ.

ಯುಪಿಎಸ್ಸನ್ನು ಬಿಸಿಲು ಬೀಳುವ ಗೋಡೆ ಪಕ್ಕ, ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಅದರ ಬ್ಯಾಟರಿ ಆಯುಸ್ಸಿನ ಲೆಕ್ಕ 25 ಡಿಗ್ರಿಗೆ. ಅದಕ್ಕಿಂತ 10 ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಮ್ಮಿ ಅರ್ಧ. ನಮ್ಮೂರ ಏಪ್ರಿಲ್‌ನಲ್ಲಿ ಆರ್‌ಸಿಸಿ ಕೆಳಗಿನ ಮೇಲ್ಮಹಡಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಭರಣಿ_ಮಳೆ
ಸಿಡಿಲಿನ ಮಾತು ಬಂತಲ್ಲ, ಅದಕ್ಕೊಂದು ಸೇರಿಸುತ್ತೇನೆ. ಬೇರೆ ಲೈನ್ ಎಳೆದರೆ ಸಿಡಿಲಿನಿಂದ ರಕ್ಷಣೆ ಅಂತ ತಿಳಿಯಬೇಡಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಡಿಬಿಯಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದರ ಅರ್ಥ್ ವೈರು ಆದಷ್ಟು ಗಿಡ್ಡ ಇರಲಿ. ಸರ್ಜ್ ಇರುವ ಎಕ್ಸ್‌ಟೆನ್ಶನ್ ಬಾಕ್ಸ್‌ಗಳೂ ಅರ್ಥ್ ಇಲ್ಲದಿದ್ದರೆ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಜೊತೆಗೆ ಓವರ್ ವೋಲ್ಟೇಜ್ ಕಟ್-ಆಫ್ ಕೂಡ ಹಾಕಿಸಿ. ಗಾಳಿ ಮಳೆಗೆ ಕಂಬದ ಹತ್ತಿರ ನ್ಯೂಟ್ರಲ್ ಹರಿದರೆ ಸಿಂಗಲ್ ಫೇಸ್ ಮನೆಗೂ 300, 350 ಬರಬಹುದು. ಸರ್ಜ್ ಪ್ರೊಟೆಕ್ಟರ್ ಇರುವುದು ಕ್ಷಣದ ಏಟಿಗೆ, ಇಂಥ ನಿಂತ ವೋಲ್ಟೇಜಿಗೆ ಅಲ್ಲ, ಸುಟ್ಟು ಹೋಗುತ್ತದೆ.

ಬೆಣ್ಣೆ_ಖಾಲಿ
ನ್ಯಾಸ್ ದಿನವಿಡೀ ಆನ್ ಇಡುತ್ತೀರಾ? ಗೃಹಜ್ಯೋತಿ ಇದ್ದರೆ ಲೆಕ್ಕ ಇಟ್ಟುಕೊಳ್ಳಿ. ನ್ಯಾಸ್, ರೌಟರ್ ಸೇರಿ 40 ವ್ಯಾಟ್ ಅಂದರೂ ತಿಂಗಳಿಗೆ 29 ಯೂನಿಟ್. ಡೆಸ್ಕ್‌ಟಾಪನ್ನೂ ರಾತ್ರಿ ಹಗಲು ಬಿಟ್ಟರೆ ಇನ್ನೊಂದು 60-70. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

ಕೆಬಿ_ಮೇಲ್ಮಹಡಿ
ಅದು ನೋಡಿ ಮಗನಿಗೆ ತೋರಿಸಬೇಕಾದ ಮಾತು 😄

ಬಾಡಿಗೆ_ಮನೆ
ನಾವು ವಿದ್ಯಾನಗರದಲ್ಲಿ ಬಾಡಿಗೆಗೆ ಇದ್ದೇವೆ, ಓನರ್ ಗೋಡೆ ಮುಟ್ಟಲು ಬಿಡುವುದಿಲ್ಲ. ಏನು ಮಾಡೋದು?

ತಂತಿ_ಮೇಷ್ಟ್ರು
ಗೋಡೆ ಒಡೆಯಬೇಕಂತಿಲ್ಲ, ಪಿವಿಸಿ ಕೇಸಿಂಗ್ ಪಟ್ಟಿ ಮೇಲೆಯೇ ಎಳೆಯಬಹುದು, ಒಪ್ಪಿಸಿ ನೋಡಿ. ಅದೂ ಆಗದಿದ್ದರೆ ಅಡುಗೆಮನೆಯಲ್ಲೋ ಗೀಸರಿಗೋ ಅರ್ಥ್ ಇರುವ ಪಾಯಿಂಟ್ ಯಾವುದು ಅಂತ ಪರೀಕ್ಷೆ ಮಾಡಿಸಿ, ಯಾವ ರೂಮಿನಲ್ಲಿ ಕೂರಬೇಕು ಅನ್ನುವುದನ್ನು ಅದರ ಮೇಲೆ ತೀರ್ಮಾನಿಸಿ. ಅರ್ಥ್ ಮಾತ್ರ ಓನರ್ ಮಾಡಿಸಿಕೊಡಲೇಬೇಕು, ಅದರಲ್ಲಿ ನಾಚಿಕೆ ಬೇಡ, ಕೇಳಿ.

ಕೆಬಿ_ಮೇಲ್ಮಹಡಿ
ನಮ್ಮದು ತೀರ್ಮಾನ ಆಯ್ತು. 2.5ರ ಮೂರು ವೈರು, ಟೈಪ್ ಎ 16 ಆಂಪ್ ಆರ್‌ಸಿಬಿಒ, ಮೋಟರಿಗೆ ಬೇರೆ ಲೈನ್, ಉಳಿದ ಮನೆಗೆ ಒಂದು ಆರ್‌ಸಿಸಿಬಿ, ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಟರ್, ವೋಲ್ಟೇಜ್ ಕಟ್-ಆಫ್. ಭಾವನಿಗೆ 4ರ ವೈರು ಬೇಡ ಅಂತ ಹೇಳುವ ಕೆಲಸ ಹೆಂಡತಿಗೆ ಬಿಟ್ಟಿದ್ದೇನೆ. ಒಂದೇ ಒಂದು ಸಂಶಯ: ನೆಟ್‌ವರ್ಕ್ ಕೇಬಲ್ ಕೂಡ ಇದೇ ಪೈಪಿನಲ್ಲಿ ಹಾಕಿಬಿಡುತ್ತೇನೆ, ಎರಡು ಸಲ ಗೋಡೆ ಕೊರೆಯುವುದು ತಪ್ಪುತ್ತದೆ ಅನ್ನುತ್ತಿದ್ದಾರೆ.

ತಂತಿ_ಮೇಷ್ಟ್ರು
ಬೇಡ. ಕರೆಂಟಿನ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ಹಾಕಬಾರದು. ಒಂದೇ ಸಲ ಕೊರೆದು ಎರಡು ಪೈಪು ಇಡಿಸಿ, ನಡುವೆ ಒಂದು ಗೇಣು ಬಿಡಿಸಿ, ಎರಡು ದಾಟಲೇಬೇಕಾದ ಕಡೆ ನೇರ ಅಡ್ಡ ದಾಟಲಿ. ಪೈಪು 25 ಎಂಎಂ ಹಾಕಿಸಿ, ಮುಂದೆ ಇನ್ನೊಂದು ವೈರು ಎಳೆಯಲು ಜಾಗ ಇರುತ್ತದೆ. ಗಾರೆ ಮುಚ್ಚುವ ಮುಂಚೆ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ, ನಾಳೆ ಮಾನಿಟರ್ ಸ್ಟ್ಯಾಂಡಿಗೆ ಗೋಡೆ ಡ್ರಿಲ್ ಮಾಡುವವನಿಗೆ ಅದನ್ನು ತೋರಿಸಬೇಕಾಗುತ್ತದೆ.